"ಕಾಯಿ" ಹೋಗಿ "ತಾಯಿ" ಆಗಿದೆ, ನಾಲಿಗೆಯ ಅಡಿಯ ದಾರ ಕತ್ತರಿಸಬೇಕಾ?

ಪ್ರಶ್ನೆ (ಮಲ್ಪೆಯಿಂದ): ನಮಸ್ಕಾರ ಮೇಡಂ. ಮಗನಿಗೆ 4 ವರ್ಷ 3 ತಿಂಗಳು. ಮಾತಿಗೆ ಏನೂ ಕಮ್ಮಿ ಇಲ್ಲ, ಕ ಮಾತ್ರ ಬರುವುದಿಲ್ಲ. ಕಾಗೆಗೆ "ತಾದೆ" ಅಂತಾನೆ. ಮೊನ್ನೆ ನೆಂಟರೆದುರು "ಅಜ್ಜಿ ತಾಯಿ ತುರೀತಿದ್ದಾರೆ" ಅಂದ, ಎಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಪಕ್ಕದ ಮನೆಯವರು ನಾಲಿಗೆಯ ಅಡಿಯ ದಾರ ಕತ್ತರಿಸಿದರೆ ಸರಿಯಾಗ್ತದೆ ಅಂತಾರೆ. ಹೌದಾ?

ಉತ್ತರ (ಸ್ಪೀಚ್ ಥೆರಪಿಸ್ಟ್): ಕತ್ತರಿ ಬದಿಗಿಡಿ ಅಮ್ಮ. ಮೊದಲು ನೀವೇ ತ ಹೇಳಲು ಬಾಯಿ ಸಿದ್ಧ ಮಾಡಿ, ಹೇಳದೆ ಹಾಗೇ ನಿಲ್ಲಿ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿರುತ್ತದೆ. ಈಗ ಕ ಹೇಳಲು ಹೊರಡಿ. ತುದಿ ಕೆಳಗೆ ಸುಮ್ಮನೆ ಬಿದ್ದಿರುತ್ತದೆ, ಹಿಂಭಾಗ ಎದ್ದು ಕಿರುನಾಲಿಗೆಯ ಹತ್ತಿರದ ಮೆತ್ತನೆಯ ಅಂಗುಳನ್ನು ಮುಟ್ಟುತ್ತದೆ, ಅಲ್ವಾ?

ಆ ದಾರ ಬಿಗಿಯಾದರೆ ತಡೆಯುವುದು ತುದಿಯನ್ನು. ನಿಮ್ಮ ಮಗನಿಗೆ ತ, ದ ಚೆನ್ನಾಗಿ ಬರುತ್ತದೆ. ಅವನ ತುದಿಗೆ ತೊಂದರೆ ಇಲ್ಲ, ಹಿಂಭಾಗದ ಕೆಲಸವನ್ನೂ ಅದೇ ಮಾಡುತ್ತಿದೆ!

"ತಾದೆ" ಅಂತ ಬರೆದದ್ದು ಒಳ್ಳೆಯದಾಯಿತು. ಕ ಇದ್ದಲ್ಲಿ ತ, ಗ ಇದ್ದಲ್ಲಿ ದ. ಗಂಟಲಿಗೆ ಕೈಯಿಟ್ಟು, ಕೊನೆಯ ಅಕಾರ ಸೇರಿಸದೆ "ಗ್" ಎಳೆದು ನೋಡಿ, ನಡುಕ ಸಿಗುತ್ತದೆ. ದ ಅಕ್ಷರಕ್ಕೂ ಅದೇ ನಡುಕ, ಕ, ತ ಅಕ್ಷರಗಳಿಗೆ ಇಲ್ಲ. ಅಂದರೆ ಆ ನಡುಕದ ಲೆಕ್ಕವನ್ನು ಹುಡುಗ ಸರಿಯಾಗಿ ಹಿಡಿದಿದ್ದಾನೆ, ತಪ್ಪಿದ್ದು ಜಾಗ ಮಾತ್ರ. ನಮ್ಮ ಕ, ಚ, ಟ, ತ, ಪ ಸಾಲು ಗಂಟಲ ಕಡೆಯಿಂದ ಹೊರಟು ತುಟಿಗೆ ಬರುತ್ತದೆ. ಇವನು ಮೊದಲ ಮನೆ ಬಿಟ್ಟು ನಾಲ್ಕನೇ ಮನೆಗೆ ಹೋಗಿದ್ದಾನೆ, ಅಷ್ಟೆ.

ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಿನವರಲ್ಲಿ ನಾಲ್ಕರ ಹೊತ್ತಿಗೆ ಹೋಗುತ್ತದೆ. ಇವನಿಗೆ ನಾಲ್ಕು ದಾಟಿದೆ, ಆದ್ದರಿಂದ ಒಮ್ಮೆ ಹತ್ತಿರದ ಥೆರಪಿಸ್ಟ್‌ಗೆ ತೋರಿಸಿ. ಅದಕ್ಕೂ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಇದನ್ನು ಬಿಡಬೇಡಿ. ಬಜೆಯಿಂದ ನಾಲಿಗೆ ಉರಿದೀತು, ಜಾಗ ಬದಲಾಗದು. (ಅತ್ತೆಗೆ ನಾನು ಹೇಳಿದೆ ಅನ್ನಬೇಡಿ.)

ಮನೆಯಲ್ಲಿ ಅವನನ್ನು ಅಂಗಾತ ಮಲಗಿಸಿ ಆಡಿಸಿ, ನಾಲಿಗೆ ತಾನೇ ಹಿಂದೆ ಸರಿಯುತ್ತದೆ. ಆಗ ಚಮಚದ ಹಿಡಿಯಿಂದ ತುದಿಯನ್ನು ಮೆಲ್ಲ ಕೆಳಗೆ ಒತ್ತಿ ಹಿಡಿದು "ಕ" ಅನ್ನಿಸಿ. ಕಲೆ, ತಲೆ ಚಿತ್ರ ಬರೆದು, ನೀವು ಹೇಳಿದ್ದನ್ನು ಅವನು ತೋರಿಸಲಿ. ವ್ಯತ್ಯಾಸ ಕಿವಿಗೆ ಬಿದ್ದರೆ ಬಾಯಿಗೆ ಬರುವುದು ಸುಲಭ. ದಿನಕ್ಕೆ 5 ನಿಮಿಷ ಸಾಕು. ನೆಂಟರೆದುರು "ಕಾಯಿ ಹೇಳು ಮಗಾ" ಬೇಡ.

ಪ್ರಶ್ನೆ (ಕದ್ರಿಯಿಂದ): ನಾನು ಮೈಸೂರಿನ ಕಡೆಯವಳು, ಮದುವೆಯಾಗಿ ಮಂಗಳೂರಿಗೆ ಬಂದೆ. ತುಳುವಿನಲ್ಲಿ "ಯಾನ್ ಬರ್ಪೆ" (ನಾನು ಬರ್ತೇನೆ), "ಆಯೆ ಬರ್ಪೆ" (ಅವನು ಬರ್ತಾನೆ), ಬರೆದರೆ ಎರಡು "ಬರ್ಪೆ"ಯೂ ಒಂದೇ. ನಾನು ಹೇಳಿದರೆ ಮಾತ್ರ ನಾದಿನಿ ನಗುತ್ತಾಳೆ. ಎಂತ ತಪ್ಪು?

ಉತ್ತರ: ಬರೆಯುವುದು ಒಂದೇ ಎ, ಬಾಯಿ ಎರಡು! "ಆಯೆ ಬರ್ಪೆ"ಯ ಕೊನೆ ನಮ್ಮ ಕನ್ನಡದ ಎ. "ಯಾನ್ ಬರ್ಪೆ"ಯಲ್ಲಿ ದವಡೆ ಇನ್ನಷ್ಟು ಇಳಿಯಬೇಕು, "ಬ್ಯಾಂಕ್" ಅನ್ನುವಾಗ ಬಾಯಿ ತೆರೆಯುವ ಕಡೆಗೆ. ವ್ಯಂಜನಕ್ಕಾದರೆ ಇಲ್ಲಿ ಮುಟ್ಟಿ ಅಂತ ಜಾಗ ತೋರಿಸಬಹುದು. ಸ್ವರಕ್ಕೆ ತಡೆಯೇ ಇಲ್ಲ, ನಾಲಿಗೆ ಎಷ್ಟು ಎತ್ತರ, ಮುಂದೋ ಹಿಂದೋ, ತುಟಿ ಗುಂಡೋ ಅಗಲವೋ ಅನ್ನುವುದೇ ಲೆಕ್ಕ. ಗಲ್ಲದ ಕೆಳಗೆ ಬೆರಳಿಟ್ಟು ಎರಡನ್ನೂ ಹೇಳಿ, "ಯಾನ್ ಬರ್ಪೆ"ಯ ಕೊನೆಯಲ್ಲಿ ಬೆರಳು ಹೆಚ್ಚು ಕೆಳಗೆ ಹೋಗಬೇಕು. ತುಳುವಿನ "ಉಂಡು" (ಇದೆ) ಅನ್ನುವಾಗಲೂ ನಗಬಹುದು ಅವಳು. ಕೊನೆಯ ಉಕಾರಕ್ಕೆ ತುಟಿ ಗುಂಡಾಗಬಾರದು. ಕನ್ನಡಿ ಎದುರು ನಗುಮುಖದಲ್ಲಿ ಹೇಳಿ ನೋಡಿ.

ಮಲ್ಪೆಯಿಂದ: ಮೇಡಂ, ಚಮಚ ಕಚ್ಚಿ ಹಿಡಿದ. ಆದರೆ "ಗ" ಒಮ್ಮೆ ಬಂತು!

ಉತ್ತರ: ಬಂತಲ್ಲ, ಈಗ ಅದನ್ನೇ ಪಿಸುಗುಟ್ಟಲು ಹೇಳಿ. ನಡುಕ ಹೋದರೆ ಉಳಿಯುವುದು ಕ.