ಅಪ್‌ಡೇಟ್: ಫ್ರಾನ್ಸಿನ ಹಳ್ಳಿಯಲ್ಲಿ ಬಿಡುವಿಲ್ಲದ ಒಂದು ವಾರ

ನೈಋತ್ಯ ಫ್ರಾನ್ಸಿನ ದೊರ್ದೋನ್ ಕಡೆಯ ಸಣ್ಣ ಹಳ್ಳಿಗೆ ಬಂದಿದ್ದೇವೆ, ಮಾಂಸ ತಿನ್ನಲ್ಲ, ವೈನ್ ಕುಡಿಯಲ್ಲ, ಊರವರ ಜೊತೆ ಬೆರೆಯುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ರಾನ್ಸಿನ ರಾಷ್ಟ್ರೀಯ ಹಬ್ಬವಾದ ಜುಲೈ 14ರ ಈ ವಾರ ಸಂಜೆ ಮನೆಯಲ್ಲಿ ಕೂತದ್ದೇ ಇಲ್ಲ!

ಪಕ್ಕದ ಮನೆಯ ಹಿರಿಯರು ಅಪೆರೋಗೆ ಕರೆದರು. ಅಂದರೆ ಊಟಕ್ಕೆ ಮುಂಚೆ ಕುಡಿಯಲು ಏನಾದರೂ, ಜೊತೆಗೆ ಹರಟೆ. ಸ್ವಲ್ಪ ತಡವಾಗಿ ಹೋಗಿ ಅಂದಿದ್ದಿರಿ, ಅದು ಸರಿಯಾದ ಸಲಹೆ. ವೈನ್ ಬೇಡ ಅಂದಿದ್ದಕ್ಕೆ ಗ್ರೆನಡಿನ್ ಸಿರಪ್‌ಗೆ ನೀರು ಬೆರೆಸಿ ಕೊಟ್ಟರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಊಟದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಇದು ಬಾತುಕೋಳಿಯ ಸೀಮೆ. ಇಲ್ಲಿನ ಸಾರ್ಲಾ ಪಟ್ಟಣದ ಶೈಲಿಯ ಆಲೂಗಡ್ಡೆ ನೋಡಲು ನಮ್ಮ ಪಲ್ಯದ ಹಾಗೇ ಇರುತ್ತದೆ, ಆದರೆ ಹುರಿಯುವುದು ಬಾತಿನ ಕೊಬ್ಬಿನಲ್ಲಿ. ಮಾಂಸ ಬೇಡ ಅಂದರೆ ಸಾಲದು, ಯಾವ ಕೊಬ್ಬು ಅಂತಲೂ ಕೇಳಿ. ಹಳೇ ಪದ್ಧತಿಯ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಜಾಸ್ತಿ ಬಳಸುತ್ತಾರೆ, ಅದೂ ಗೊತ್ತಿರಲಿ. ವಾಲ್‌ನಟ್ ಎಣ್ಣೆಯ ಸಲಾಡ್ ಅಂತೂ ಬಹಳ ರುಚಿ.

ರಾತ್ರಿ ಸಂತೆಗೆ ತಟ್ಟೆ, ಲೋಟ, ಚಮಚ ನಾವೇ ಒಯ್ದೆವು. ಅಂಗಡಿಗಳಲ್ಲಿ ಬೇಕಾದ್ದು ಕೊಂಡು ಉದ್ದ ಮೇಜಿನಲ್ಲಿ ಎಲ್ಲರ ಜೊತೆ ಕೂರುವುದು. ಪರಿಚಯ ಆಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹದಿನಾಲ್ಕರಂದು ಊರೂಟ, ಪಟಾಕಿ, ಕುಣಿತ. ನಮ್ಮ ಚಿತ್ರಾನ್ನ ಪೂರ್ತಿ ಖಾಲಿ!

ಮುಂದಿನ ಶನಿವಾರ ಅಕ್ಕಪಕ್ಕದವರನ್ನು ನಾವು ಕರೆದಿದ್ದೇವೆ. ಕರಿಬೇವು ಇಲ್ಲಿ ಸಿಗಲ್ಲ, ತಂಗಿ ಪ್ಯಾರಿಸ್‌ನಲ್ಲಿ ನಮ್ಮ ಕಡೆಯ ಅಂಗಡಿಗಳಿರುವ ಲಾ ಶಪೆಲ್ ಬಡಾವಣೆಯಿಂದ ತರುತ್ತಿದ್ದಾಳೆ. ಖಾರ ಕಡಿಮೆ ಇರುವ ಅಡುಗೆ ಏನು ಮಾಡಲಿ, ಹೇಳ್ತೀರಾ?