ಅಪ್‌ಡೇಟ್: ಅಕ್ಕನ ಮದುವೆ ಡಿವಿಡಿ ಕೊನೆಗೂ ಕಂಪ್ಯೂಟರಿಗೆ ಬಂತು

ಅಕ್ಕನ ಮದುವೆಯ ಮೂರು ಡಿವಿಡಿ ಇವೆ, ಗೀರು ಬಿದ್ದಿವೆ, ಚಿಕ್ಕ ಫೈಲ್ ಮಾಡಿಟ್ಟುಕೊಳ್ಳೋದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಿಸುವ ಸಾಫ್ಟ್‌ವೇರ್ ಹಾಕಿ ನೋಡಿ ಅಂದಿದ್ದಿರಿ. ಕೆಲಸ ಮುಗಿಯಿತು.

ಮೊದಲೆರಡು ಸಲೀಸು. ವಿಡಿಯೋ ಫೋಲ್ಡರನ್ನು ಹಾಗೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಎಚ್.264ಗೆ, ಅಂದ್ರೆ ಕಡಿಮೆ ಜಾಗ ಹಿಡಿಯುವ ವಿಡಿಯೋ ರೂಪಕ್ಕೆ, ಬದಲಿಸಿದೆ. ಕ್ವಾಲಿಟಿ ಆರ್‌ಎಫ್ 20 (ಈ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು). 4.2 ಜಿಬಿ ಇದ್ದದ್ದು 1.5 ಜಿಬಿಗೆ ಇಳಿಯಿತು. ಆದರೆ ಮೊದಲ ಸಲ ಡಿಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ದಾಖಲಾದ ಚಿತ್ರವನ್ನು ಕೂಡಿಸುವ ಆಯ್ಕೆ) ಮರೆತಿದ್ದೆ. ಅಕ್ಷತೆ ಹಾಕುವವರ ಕೈಗಳ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡಿತ್ತು! ಅದನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಡಿವಿಡಿಯ 720×576 ಪಿಕ್ಸೆಲ್ ಚಿತ್ರವನ್ನು ದೊಡ್ಡದು ಮಾಡೋಕೆ ಹೋಗಲಿಲ್ಲ. ಇಲ್ಲದ ವಿವರ ಎಲ್ಲಿಂದ ಬರುತ್ತೆ, ಅಲ್ವಾ?

ಮೂರನೆಯದೇ ಸತಾಯಿಸಿದ್ದು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಹೊರಗೆ ನೇರವಾಗಿ ಒರೆಸಿದೆ. ಆದರೂ ನನ್ನ ಡ್ರೈವ್ ಕಿರ್ ಕಿರ್ ಅಂತ ನಿಂತುಬಿಡುತ್ತಿತ್ತು. ಗೆಳೆಯನ ಹಳೇ ಡೆಸ್ಕ್‌ಟಾಪಿನ ಡ್ರೈವ್ ಅದನ್ನೇ ಓದಿತು ನೋಡಿ! ಕೆಟ್ಟ ಡಿಸ್ಕಿನಿಂದ ಓದಲು ಬರುವಷ್ಟನ್ನು ಎತ್ತಿಕೊಡುವ ಡಿಡಿರೆಸ್ಕ್ಯೂ ಸಾಫ್ಟ್‌ವೇರ್ ಹಚ್ಚಿ ರಾತ್ರಿಯಿಡೀ ಬಿಟ್ಟೆವು. ಅರ್ಧ ನಿಮಿಷದಷ್ಟು ವಾಲಗ ಮಾತ್ರ ಹೋಯಿತು.

ಕಲಬುರಗಿ ಬಿಸಿಲಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ನನ್ನ ಲ್ಯಾಪ್‌ಟಾಪ್ ಕಾದು ಎರಡು ಸಲ ಆಫ್ ಆಯ್ತು. ಆಮೇಲೆ ರಾತ್ರಿ ಕೂಲರ್ ಮುಂದೆ ಇಟ್ಟೆ.

ಒಂದು ಕಾಪಿ ಹಾರ್ಡ್ ಡಿಸ್ಕಲ್ಲಿದೆ, ಇನ್ನೊಂದು ಪೆನ್‌ಡ್ರೈವಲ್ಲಿ ಬೀದರಿನ ಅಕ್ಕನ ಮನೆಗೆ ಹೋಯಿತು. ಹೋಳಿಗೆ ಬಡಿಸುವ ಅಜ್ಜಿಯನ್ನು ಕಂಡು ಅವ್ವ, "ಹಿಂದಕ್ಕ ಹಾಕಪಾ, ಇನ್ನೊಮ್ಮಿ ನೋಡ್ತೀನಿ" ಅಂದಳು. ನಾಲ್ಕು ಸಲ ಹಾಕಿದೆ.