10 ಮೀಟರ್ ಏರ್ ರೈಫಲ್: ರಾತ್ರಿ ಕಳೆಯೋದ್ರಾಗ ಸಿಲಿಂಡರ್ ಗಾಳಿ ಇಳೀತೈತಿ

ಪ್ರಶ್ನೆ (ಧಾರವಾಡ):
ಪಿಸಿಪಿ ರೈಫಲ್ (ಮೊದಲ ಸಿಲಿಂಡರಿಗೆ ಗಾಳಿ ಒತ್ತಿ ತುಂಬಿಸೋದು), 4.5 ಮಿ.ಮೀ. ಸಂಜಿಗೆ 200 ಬಾರ್ (ಗಾಳಿ ಒತ್ತಡದ ಅಳತಿ) ತುಂಬಿಸಿಟ್ರ ಮುಂಜಾನೆ 150. ಟಾರ್ಗೆಟ್ ಮ್ಯಾಲೆ ಗುಂಡು ಸೈತ ಮ್ಯಾಲೆ-ಕೆಳಗ ಹರಡತಾವು. ಎಲ್ಲಿ ಸೋರತೈತಿ ಅಂತ ಹುಡುಕೋದು ಹೆಂಗ್ರಿ?

ಉತ್ತರ (ಹುಬ್ಬಳ್ಳಿ):
ಸಿಲಿಂಡರ್ ಬಿಚ್ಚಿ ರಾತ್ರಿ ಬ್ಯಾರೆ ಇಡ್ರಿ. ಒತ್ತಡದ ಮೀಟರಿನ ಮುಳ್ಳು ಇಳೀದಿದ್ರ ಸೋರಿಕೆ ರೈಫಲ್ ಕಡೆ. ಇಳಿದ್ರ ಸಿಲಿಂಡರಿನ ವಾಲ್ವ್ ಇಲ್ಲಾ ಮೀಟರ್ ಬುಡದ ಸೀಲ್. ಅಲ್ಲಿ ಸೋಪಿನ ನೀರು ಕುಂಚದಿಂದ ಸವರ್ರಿ, ಸೋರೋ ಜಾಗದಾಗ ಸಣ್ಣ ಗುಳ್ಳಿ ಮತ್ತ ಮತ್ತ ಏಳತಾವು. ಸಿಲಿಂಡರ್ ರೈಫಲ್‌ಗೆ ಕೂಡೋ ಜಾಗದ ಓ-ರಿಂಗ್ (ಗಾಳಿ ತಡೆಯೋ ರಬ್ಬರ್ ಉಂಗುರ) ಮ್ಯಾಲೆ ಉಗುರು ಆಡಿಸ್ರಿ, ಕಚ್ಚು ಸಿಕ್ರ ಬದಲಿಸ್ರಿ. ಹೊಸಾದಕ್ಕ ತೆಳ್ಳಗ ಸಿಲಿಕೋನ್ ಗ್ರೀಸ್ ಸಾಕು. ಬೈಕಿನ ಗ್ರೀಸ್, ಹೊಲಿಗಿ ಮಶೀನ್ ಎಣ್ಣಿ ಹಚ್ಚಲೇಬ್ಯಾಡ್ರಿ: ಗಾಳಿ ಜೋರಾಗಿ ಒತ್ತಿದಾಗ ಕಾಯತೈತಿ, ಎಣ್ಣಿ ಹೊತ್ತಿ ಸಿಡೀಬಹುದು. ಒತ್ತಡ ಇದ್ದಾಗ ಯಾವ ಸ್ಕ್ರೂಗೂ ಕೈ ಹಚ್ಚಬ್ಯಾಡ್ರಿ.

ಉತ್ತರ (ಗದಗ):
ಅವಸರದಾಗ ತುಂಬಿಸಿದ್ರ ಸಿಲಿಂಡರ್ ಬಿಸಿ ಆಗತೈತಿ. ತಣ್ಣಗಾದ ಮ್ಯಾಲೆ 10-15 ಬಾರ್ ಇಳಿಯೋದು ಸಹಜ. 50 ಇಳದ್ರ ಸೋರಿಕೇನ. ಗುಂಡು ಹರಡೋದಕ್ಕ ಕಾರಣ ಬ್ಯಾರೆ ಇರಬಹುದು. ಕ್ರೋನೋಗ್ರಾಫ್ (ಗುಂಡಿನ ವೇಗ ಅಳಿಯೋ ಯಂತ್ರ) ಇಟ್ಟು 10 ಗುಂಡು ಹೊಡೀರಿ. ಮ್ಯಾಚ್ ರೈಫಲ್ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 170-175 ಮೀಟರ್ ಆಜೂಬಾಜೂ. ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡು ಅಷ್ಟ ಜೋರು, ಉಳಿದವು ಸಮ ಅಂದ್ರ ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿ ಒತ್ತಡ ಒಂದ ಸಮ ಇಡೋ ಭಾಗ) ಒಳಗಿನ ಗಾಳಿ ತಡೆಯೋ ಸೀಟ್ ಸವದೈತಿ. ಅದನ್ನ ಮನ್ಯಾಗ ಬಿಚ್ಚದ ಸರ್ವಿಸಿಗೆ ಕಳಸ್ರಿ. ಹಂಗ ಸಿಲಿಂಡರ್ ಮ್ಯಾಲಿನ ತಾರೀಖು ಓದ್ರಿ: ಮ್ಯಾಚ್ ರೈಫಲ್ ಸಿಲಿಂಡರ್‌ಗೆ ಕಂಪನಿಯವರು ಸಾಮಾನ್ಯವಾಗಿ 10 ವರ್ಷದ ಆಯುಷ್ಯ ಕೊಟ್ಟಿರ್ತಾರ. ಮುಗಿದಿದ್ರ ತುಂಬಿಸಬ್ಯಾಡ್ರಿ.